ಒಂದು ಚಾರ್ಜ್, ಹತ್ತು ಹೊರೆ

ಯಾವುದಾದರೂ ಕನ್ನಡ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, 'ಚಾರ್ಜ್' ಎಂಬ ಒಂದೇ ಪದ ಎಷ್ಟು ವೇಷ ಹಾಕಿ ಬರುತ್ತದೆ ನೋಡಿ. ಪ್ರತಿಭಟನೆಗೆ ಕೂತವರ ಮೇಲೆ ಲಾಠಿ ಚಾರ್ಜ್. ಹಳೆಯ ಕೊಲೆ ಪ್ರಕರಣದಲ್ಲಿ ಚಾರ್ಜ್‌ಶೀಟ್. ಬಸ್ ಚಾರ್ಜ್ ಏರಿಕೆಗೆ ಜನರ ಸಿಟ್ಟು. ಹೊಸ ಜಿಲ್ಲಾಧಿಕಾರಿ ಚಾರ್ಜ್ ತಗೊಂಡ ಸುದ್ದಿ. ಬೇಗ ಚಾರ್ಜ್ ಆಗುವ ಮೊಬೈಲಿನ ಜಾಹೀರಾತು. ಕಾಲು ಮುರಿದುಕೊಂಡಿದ್ದ ಆಟಗಾರ ಆಸ್ಪತ್ರೆಯಿಂದ ಡಿಸ್ಚಾರ್ಜ್. ಇಂಗ್ಲಿಷಿನ ಒಂದಕ್ಷರ ಓದದ ಅಜ್ಜಿಗೂ ಇವುಗಳಲ್ಲಿ ಗೊಂದಲವಿಲ್ಲ. ಬಸ್ ಚಾರ್ಜ್ ಕೊಡುವಾಗ ಯಾರಿಗೂ ಲಾಠಿ ನೆನಪಾಗುವುದಿಲ್ಲ.

ಇಷ್ಟೆಲ್ಲ ಅರ್ಥಗಳು ಒಂದೇ ಪದಕ್ಕೆ ಹೇಗೆ ಅಂಟಿಕೊಂಡವು ಎಂದು ಹುಡುಕಿದರೆ ಬಂಡಿಯೊಂದು ಸಿಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ 'ಕಾರ್ರುಸ್' ಎಂದರೆ ಬಂಡಿ, 'ಕಾರ್ರಿಕಾರೆ' ಎಂದರೆ ಬಂಡಿಗೆ ಸಾಮಾನು ಹೇರುವುದು. ಅದು ಫ್ರೆಂಚಿಗೆ ಹೋಗಿ, ಅಲ್ಲಿಂದ 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಕಾರ್, ಕಾರ್ಗೊ, ಕ್ಯಾರಿ ಎಲ್ಲವೂ ಇದೇ ಬಂಡಿಯಿಂದ ಇಳಿದ ನೆಂಟರು. ಅಂದರೆ ಚಾರ್ಜ್‌ನ ಹೊಟ್ಟೆಯಲ್ಲಿರುವುದು ಒಂದೇ ಚಿತ್ರ, ಹೊರೆ ಹೇರುವುದು. ಇನ್ನು ಕನ್ನಡದವರಿಗೆ ಹೆಚ್ಚು ವಿವರಣೆ ಬೇಕಾಗಿಲ್ಲ, ಯಾಕೆಂದರೆ ನಾವೂ ಇದೇ ದಾರಿಯಲ್ಲಿ ನಡೆದಿದ್ದೇವೆ. ಆರೋಪವನ್ನು 'ಹೊರಿಸು'ತ್ತೇವೆ, ಅದು ಚಾರ್ಜ್‌ಶೀಟ್. ಜವಾಬ್ದಾರಿಯನ್ನು 'ಹೊರು'ತ್ತೇವೆ, ಅದು ಅಧಿಕಾರಿ ತಗೊಳ್ಳುವ ಚಾರ್ಜ್. ದರ ಏರಿದರೆ 'ಜನರಿಗೆ ಹೊರೆ' ಎಂದು ತಲೆಬರಹ ಕೊಡುತ್ತೇವೆ, ಅದು ಬಸ್ ಚಾರ್ಜ್. ಬಂದೂಕಿನ ನಳಿಗೆಗೆ ಮದ್ದು ತುಂಬುವುದೂ ಹೊರೆ ಹೇರುವುದೇ. ಹೊತ್ತಿದ್ದನ್ನು ಇಳಿಸಿದರೆ ಡಿಸ್ಚಾರ್ಜ್. ಬಂದೂಕು ಗುಂಡನ್ನು ಇಳಿಸುತ್ತದೆ, ಆಸ್ಪತ್ರೆ ರೋಗಿಯನ್ನು ತನ್ನ ಹೊಣೆಯಿಂದ ಇಳಿಸುತ್ತದೆ.

ಮೊಬೈಲಿಗೆ ಈ ಪದ ಬಂದದ್ದು ಬಂದೂಕಿನ ದಾರಿಯಿಂದ. 1740ರ ದಶಕದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲೈಡನ್ ಜಾಡಿ ಎಂಬ ಗಾಜಿನ ಪಾತ್ರೆಗಳಲ್ಲಿ ವಿದ್ಯುತ್ತನ್ನು ಕೂಡಿಡುವ ಪ್ರಯೋಗ ಮಾಡುತ್ತಿದ್ದ. ಜಾಡಿಗೆ ವಿದ್ಯುತ್ ತುಂಬುವುದನ್ನು, ತೋಪಿಗೆ ಮದ್ದು ತುಂಬಿದ ಹಾಗೆ, ಚಾರ್ಜ್ ಎಂದ. ಅಂಥ ಹಲವು ಜಾಡಿಗಳನ್ನು ಜೋಡಿಸಿಟ್ಟಾಗ ಅದಕ್ಕೆ ಬ್ಯಾಟರಿ ಎಂದು ಹೆಸರಿಟ್ಟ. ಅಲ್ಲಿಯವರೆಗೆ ಬ್ಯಾಟರಿ ಎಂದರೆ ಸಾಲಾಗಿ ನಿಲ್ಲಿಸಿದ ತೋಪುಗಳು. ಅದರ ಬೇರು ಬಡಿಯುವುದು, ಜಜ್ಜುವುದು ಎಂಬ ಅರ್ಥದ್ದು. ಕಾನೂನಿನ ಇಂಗ್ಲಿಷಿನಲ್ಲಿ ಒಬ್ಬನ ಮೈಮೇಲೆ ಕೈಮಾಡಿದ ಅಪರಾಧಕ್ಕೆ ಇವತ್ತಿಗೂ 'ಬ್ಯಾಟರಿ' ಎಂದೇ ಹೆಸರು. ರಾತ್ರಿ ಮಲಗುವ ಮುಂಚೆ ನಾವು ಗೋಡೆಗೆ ಸಿಕ್ಕಿಸುವ ಬ್ಯಾಟರಿ ಮತ್ತು ಚಾರ್ಜ್ ಎರಡೂ ರಣರಂಗದಿಂದ ಬಂದ ಮಾತುಗಳು.

ಇಂಗ್ಲಿಷ್ ಕಲಿಯುವವರು ಹೆದರುವುದು ಉದ್ದುದ್ದ ಪದಗಳಿಗೆ. ಆ ಹೆದರಿಕೆಗೆ ಅರ್ಥವಿಲ್ಲ. 'ಫೋಟೋಸಿಂಥೆಸಿಸ್' ಎಂಬುದಕ್ಕೆ ಇರುವುದು ಒಂದೇ ಅರ್ಥ, ಒಮ್ಮೆ ಬಾಯಿಪಾಠ ಮಾಡಿದರೆ ಮುಗಿಯಿತು. ನಿಜವಾಗಿ ಕಾಡುವುದು ಒಂದನೇ ಕ್ಲಾಸಿನಲ್ಲಿ ಕಲಿತ ಎರಡರಿಂದ ನಾಲ್ಕು ಅಕ್ಷರದವು. ಸೆಟ್, ರನ್, ಗೋ, ಟೇಕ್, ಪುಟ್, ಗೆಟ್. ಹಾರ್ವರ್ಡಿನ ಜಾರ್ಜ್ ಕಿಂಗ್ಸ್ಲಿ ಜಿಫ್ 1945ರಲ್ಲಿ ಇದನ್ನು ಲೆಕ್ಕ ಹಾಕಿಯೇ ತೋರಿಸಿದ. ಪದವೊಂದು ಎಷ್ಟು ಹೆಚ್ಚು ಬಳಕೆಯಾಗುತ್ತದೋ ಅದಕ್ಕೆ ಅರ್ಥಗಳೂ ಅಷ್ಟು ಹೆಚ್ಚು.

ಇದರ ತುತ್ತತುದಿ ನೋಡಬೇಕಾದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ತೆರೆಯಬೇಕು. ಈ ನಿಘಂಟು ಬೆಳೆದದ್ದೇ ಚೀಟಿಗಳಿಂದ. 1879ರಲ್ಲಿ ಸಂಪಾದಕನಾದ ಜೇಮ್ಸ್ ಮರ್ರಿ ಮನೆಯ ತೋಟದಲ್ಲಿ ತಗಡಿನ ಶೆಡ್ಡೊಂದನ್ನು ಕಟ್ಟಿಸಿ ಅದರ ತುಂಬ ಗೂಡುಗಳನ್ನು ಮಾಡಿಸಿದ್ದ. ಲೋಕದ ಮೂಲೆಮೂಲೆಯ ಓದುಗರು ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಒಂದು ಪದದ ಎಲ್ಲ ಚೀಟಿಗಳನ್ನೂ ಮೇಜಿನ ಮೇಲೆ ಹರಡಿಕೊಂಡು, ಒಂದೇ ಅರ್ಥದವನ್ನು ಒಂದು ಗುಂಪು ಮಾಡುತ್ತ ಹೋಗುವುದು ಸಂಪಾದಕನ ಕೆಲಸ. ಎಷ್ಟು ಗುಂಪಾಯಿತೋ ಅಷ್ಟು ಅರ್ಥ. ಮೊದಲ ಆವೃತ್ತಿ ಮುಗಿದದ್ದು 1928ರಲ್ಲಿ. 1989ರ ಎರಡನೆಯ ಆವೃತ್ತಿಯಲ್ಲಿ 'ಸೆಟ್' ಎಂಬ ಪದಕ್ಕೆ 430ಕ್ಕೂ ಹೆಚ್ಚು ಅರ್ಥಗಳಿದ್ದವು, ಇಂಗ್ಲಿಷಿನ ಅತಿ ಹೆಚ್ಚು ಅರ್ಥಗಳ ಪದ ಅದೇ ಎನ್ನಿಸಿಕೊಂಡಿತ್ತು. ಆಮೇಲೆ ಮೂರನೆಯ ಆವೃತ್ತಿಗಾಗಿ 'ರನ್' ಪದವನ್ನು ಪರಿಷ್ಕರಿಸುವ ಕೆಲಸ ಪೀಟರ್ ಗಿಲಿವರ್ ಎಂಬ ಸಂಪಾದಕರ ಪಾಲಿಗೆ ಬಂತು. ಆ ಒಂದು ಪದಕ್ಕೆ ಅವರಿಗೆ ಒಂಬತ್ತು ತಿಂಗಳಿಗೂ ಹೆಚ್ಚು ಹಿಡಿಯಿತು. ಕ್ರಿಯಾಪದವಾಗಿಯೇ ರನ್‌ಗೆ 645 ಅರ್ಥ!

ಈ 645 ಎಂಬ ಸಂಖ್ಯೆಯನ್ನು ರಸಪ್ರಶ್ನೆಗೆ ಇಟ್ಟುಕೊಳ್ಳಿ, ಅದಕ್ಕಿಂತ ಹೆಚ್ಚು ನಂಬಬೇಡಿ ಎಂದು ನನ್ನ ಸಲಹೆ. ಅರ್ಥಗಳು ಪದದೊಳಗೆ ದಾಳಿಂಬೆ ಕಾಳಿನ ಹಾಗೆ ಬಿಡಿಬಿಡಿಯಾಗಿ ಕೂತಿರುವುದಿಲ್ಲ. ಯಂತ್ರ 'ರನ್' ಆಗುವುದೂ ಕಂಪ್ಯೂಟರಿನ ಪ್ರೋಗ್ರಾಂ 'ರನ್' ಆಗುವುದೂ ಒಂದೇ ಗುಂಪೋ ಎರಡೋ? ಎರಡು ಎನ್ನುವ ಸಂಪಾದಕರಿದ್ದಾರೆ, ಒಂದೇ ಎನ್ನುವವರೂ ಇದ್ದಾರೆ. ಬ್ಯಾಗಿನಲ್ಲಿ ಹಿಡಿಸುವ ನಿಘಂಟಿಗೆ ಬಂದರೆ ಅದೇ ರನ್‌ಗೆ ಇದರ ಒಂದು ಸಣ್ಣ ಪಾಲಿನಷ್ಟೂ ಅರ್ಥಗಳಿರುವುದಿಲ್ಲ. ಭಾಷೆ ಅದೇ, ಗೆರೆ ಎಳೆದ ಕೈ ಬೇರೆ.

ಆದರೂ ರನ್ ಬೆಳೆದ ಬಗೆಯನ್ನು ಹತ್ತಿರದಿಂದ ನೋಡುವುದು ಲಾಭದ ಕೆಲಸ. ಮೊದಲಿಗೆ ಅದು ಕಾಲಿನಿಂದ ಓಡುವುದು. ನೀರು ಹರಿಯುವುದಕ್ಕೂ ಹಳೆಯ ಇಂಗ್ಲಿಷಿನ ಕಾಲದಿಂದಲೇ ಅದೇ ಪದ. ನೀರಿನಿಂದ ಮೂಗಿಗೆ ಬಂತು, ನೆಗಡಿಯಾದಾಗ ಇಂಗ್ಲಿಷಿನವರ ಮೂಗು ಓಡುತ್ತದೆ. ಒಗೆದ ಬಟ್ಟೆಯ ಬಣ್ಣವೂ ಓಡುತ್ತದೆ. ಯಂತ್ರಗಳ ಕಾಲ ಬಂದಾಗ ಚಕ್ರ ತಿರುಗುವುದೂ ರನ್ ಆಯಿತು, ಚಕ್ರ ತಿರುಗಿಸುವ ಕಾರ್ಖಾನೆ ನಡೆಸುವುದೂ ರನ್, ಕೊನೆಗೆ ಮನೆ ನಡೆಸುವುದೂ ರನ್. ನಾಟಕ ಆರು ತಿಂಗಳು ಓಡಿತು, ಬಾಡಿಗೆ ಕರಾರು ಮೂರು ವರ್ಷ ಓಡುತ್ತದೆ. ರಸ್ತೆ ಕೂಡ ಊರಿನಿಂದ ಊರಿಗೆ ಓಡುತ್ತದೆ. ರಸ್ತೆ ಬಿದ್ದಲ್ಲೇ ಬಿದ್ದಿರುತ್ತದೆ, ಅದರ ಮೇಲೆ ಓಡುವುದು ನಮ್ಮ ಕಣ್ಣು. ಚುನಾವಣೆಗೆ ಅಮೆರಿಕದವರು ಓಡುತ್ತಾರೆ, ಬ್ರಿಟನ್ನಿನವರು ನಮ್ಮ ಹಾಗೆ ನಿಲ್ಲುತ್ತಾರೆ. ಒಂದೊಂದು ಹೆಜ್ಜೆಯೂ ಪಕ್ಕದ ಹೆಜ್ಜೆಗೆ ಹತ್ತಿರವೇ ಇದೆ. ಆದರೆ ಓಟದ ಸ್ಪರ್ಧೆಯಿಂದ ಮನೆವಾರ್ತೆಯವರೆಗೆ ಒಮ್ಮೆಲೇ ನೋಡಿದರೆ ತಲೆ ತಿರುಗುತ್ತದೆ.

ಕನ್ನಡದ 'ಓಡು' ಇದೇ ದಾರಿಯಲ್ಲಿ ಸ್ವಲ್ಪ ದೂರ ಹೋಗಿದೆ. ಗಡಿಯಾರ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಮಧ್ಯಾಹ್ನದ ಊಟ ಭಾರಿಯಾದರೆ ತಲೆ ಓಡುವುದಿಲ್ಲ. ಆದರೆ ನಮ್ಮ ಮೂಗು ಸುರಿಯುತ್ತದೆಯೇ ಹೊರತು ಓಡುವುದಿಲ್ಲ. ಅಂಗಡಿಯನ್ನು ನಾವು ಓಡಿಸುವುದಿಲ್ಲ, ನಡೆಸುತ್ತೇವೆ. ಪದಕ್ಕೆ ಅರ್ಥ ಹಬ್ಬುವ ರೀತಿ ಎರಡೂ ಭಾಷೆಯಲ್ಲಿ ಒಂದೇ, ಹಬ್ಬಿ ಎಲ್ಲಿ ನಿಂತಿತು ಎಂಬುದು ಬೇರೆ. ನಾವು ಮಾತಾಡುವ ಇಂಗ್ಲಿಷಿನ ತಪ್ಪುಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಈ ಗಡಿಗಳಲ್ಲೇ ಎಂದು ನನಗನ್ನಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಒಂದೇ ಬೇರಿನಿಂದ ಕವಲೊಡೆದ ಅರ್ಥಗಳ ಮಾತು. ಇದಕ್ಕೆ 'ಪಾಲಿಸೆಮಿ' ಎಂದು ಹೆಸರು ಕೊಟ್ಟವನು ಫ್ರಾನ್ಸಿನ ಮಿಷೆಲ್ ಬ್ರೆಯಾಲ್, ಶಬ್ದಾರ್ಥಶಾಸ್ತ್ರದ ಮೇಲೆ 1897ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ. ಇನ್ನೊಂದು ಬಗೆಯಿದೆ. ಬೇರೆ ಬೇರೆ ಕಡೆಯಿಂದ ಬಂದ ಎರಡು ಪದಗಳು ಕಾಲಕ್ರಮದಲ್ಲಿ ಸವೆದು ಒಂದೇ ರೂಪಕ್ಕೆ ಬರುವುದು. ಕ್ರಿಕೆಟ್ ಆಡುವ ಬ್ಯಾಟಿಗೂ ಬಾವಲಿ ಎಂಬ ಅರ್ಥದ ಬ್ಯಾಟಿಗೂ ಸಂಬಂಧವಿಲ್ಲ. ಬಾವಲಿಗೆ ಮಧ್ಯಕಾಲದ ಇಂಗ್ಲಿಷಿನಲ್ಲಿ 'ಬ್ಯಾಕ್' ಎಂಬಂಥ ರೂಪವಿತ್ತು, ಕೊನೆಯ ವ್ಯಂಜನ ಬದಲಾಗಿ ಅದು ಆಟದ ಬ್ಯಾಟಿನ ಜೊತೆ ಸೇರಿಕೊಂಡಿತು. ಕನ್ನಡದಲ್ಲಿ ನದಿ 'ಹರಿ' ಎನ್ನುವಾಗಿನ ಹರಿ ಅಚ್ಚಕನ್ನಡ, ವೈಕುಂಠದ 'ಹರಿ' ಸಂಸ್ಕೃತದಿಂದ ಬಂದವನು. ಇಬ್ಬರಿಗೂ ಪರಿಚಯವಿಲ್ಲ.

ಈ ಎರಡು ಬಗೆಯ ನಡುವಿನ ಗೋಡೆ ಪುಸ್ತಕದಲ್ಲಿ ಇರುವಷ್ಟು ಗಟ್ಟಿಯಲ್ಲ. ಇಂಗ್ಲಿಷ್ ಪಾಠಗಳಲ್ಲಿ ತಪ್ಪದೆ ಬರುವ ಉದಾಹರಣೆ 'ಬ್ಯಾಂಕ್'. ನದಿಯ ದಡವೂ ಬ್ಯಾಂಕ್, ಹಣ ಇಡುವುದೂ ಬ್ಯಾಂಕ್, ಎರಡೂ ಬೇರೆ ಬೇರೆ ಪದಗಳು ಎಂದು ಹೇಳಿ ಮೇಷ್ಟ್ರು ಮುಂದೆ ಹೋಗುತ್ತಾರೆ. ನಿಜವೇ. ದಡದ ಬ್ಯಾಂಕ್ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದದ್ದು. ಹಣದ ಬ್ಯಾಂಕ್ ಇಟಲಿಯದು, ಅಲ್ಲಿನ ಸರಾಫರು ನಾಣ್ಯ ಹರಡಿಕೊಂಡು ಕೂರುತ್ತಿದ್ದ ಕಟ್ಟೆಮೇಜು 'ಬಾಂಕಾ'. ಆದರೆ ಇನ್ನೂ ಹಿಂದೆ ಹೋದರೆ ಎರಡೂ ಒಂದೇ ಜರ್ಮಾನಿಕ್ ಬೇರಿಗೆ ಮುಟ್ಟುತ್ತವೆ, 'ಬೆಂಚ್' ಕೂಡ ಅದರದೇ ಕುಡಿ. ಚಿಕ್ಕಂದಿನಲ್ಲಿ ಬೇರೆಯಾಗಿ, ಲಂಡನ್ನಿನಲ್ಲಿ ಮತ್ತೆ ಭೇಟಿಯಾದ ಅಣ್ಣತಮ್ಮಂದಿರು ಇವರು. ಇದರ ತದ್ವಿರುದ್ಧವೂ ಆಗುತ್ತದೆ. ಜೋಳದ ತೆನೆಗೆ ಇಂಗ್ಲಿಷಿನಲ್ಲಿ 'ಇಯರ್' ಎನ್ನುತ್ತಾರೆ. ಕಿವಿಯ ಹಾಗೆ ಗಿಡದಿಂದ ಹೊರಚಾಚಿರುವುದರಿಂದ ಆ ಹೆಸರು ಎಂದು ಅನೇಕ ಇಂಗ್ಲಿಷರೇ ನಂಬಿದ್ದಾರೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ತೆನೆಯ ಪದವೇ ಬೇರೆ, ಕಿವಿಯ ಪದವೇ ಬೇರೆ. ಹೂವಿನ 'ಫ್ಲವರ್' ಮತ್ತು ಹಿಟ್ಟಿನ 'ಫ್ಲೌರ್' ಮಾತ್ರ ಮೂಲದಲ್ಲಿ ಒಂದೇ ಪದ. ಬೀಸಿದ್ದರಲ್ಲಿ ಅತ್ಯುತ್ತಮವಾದ ಭಾಗ ಹಿಟ್ಟಿನ 'ಹೂವು'. ಕಾಗುಣಿತ ಬೇರೆಯಾದ ಮೇಲೆ ಆ ನೆಂಟಸ್ತನ ಎಲ್ಲರಿಗೂ ಮರೆತೇಹೋಯಿತು.

ಇಂಗ್ಲಿಷಿಗೆ ಈ ರೋಗ, ರೋಗವೆಂದು ಕರೆಯುವುದಾದರೆ, ಇಷ್ಟು ಬಲವಾಗಿ ಯಾಕೆ ಹಿಡಿದಿದೆ? ಒಂದು ಕಾರಣ ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ, ಯಾಕೆಂದರೆ ಅದು ಕನ್ನಡದಲ್ಲಿ ಕಡಿಮೆ. ನಾವು ಕ್ರಿಯಾಪದದಿಂದ ನಾಮಪದ ಮಾಡುವಾಗ ಸಾಮಾನ್ಯವಾಗಿ ರೂಪ ಬದಲಿಸುತ್ತೇವೆ. ಓಡು–ಓಟ, ನೋಡು–ನೋಟ, ಆಡು–ಆಟ. 'ನಡೆ' ಎಂಬುದರಿಂದ ನಡಿಗೆ, ನಡತೆ, ನಡವಳಿಕೆ ಎಂದು ಒಂದೊಂದು ಅರ್ಥಕ್ಕೂ ಒಂದೊಂದು ಅಂಗಿ ತೊಡಿಸುತ್ತೇವೆ. ಹಳೆಯ ಇಂಗ್ಲಿಷಿಗೂ ಇಂಥ ಪ್ರತ್ಯಯಗಳಿದ್ದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದುಕೊಂಡರು. ಆಚೀಚಿನ ಶತಮಾನಗಳಲ್ಲಿ ಪದದ ಕೊನೆಯ ಅಕ್ಷರಗಳೆಲ್ಲ ಸವೆದುಹೋದವು. ಈಗ ರನ್, ಪ್ಲೇ, ಲುಕ್, ವಾಕ್ ಎಲ್ಲವೂ ಕ್ರಿಯೆಯೂ ಹೌದು, ಹೆಸರೂ ಹೌದು. ಎರಡನೆಯ ಕಾರಣ, ಅದೇ ಹೊತ್ತಿಗೆ ಡೇನರ ಮಾತು, ಫ್ರೆಂಚ್, ಲ್ಯಾಟಿನ್ ಎಲ್ಲವೂ ಒಂದೇ ಮಡಕೆಗೆ ಬಿದ್ದವು. ಸವೆದು ಮೋಟಾದ ಪದಗಳ ಗುಂಪಿನಲ್ಲಿ ಎರಡು ಒಂದೇ ಥರ ಕಾಣಿಸುವುದು ಸಹಜವೇ.

ಮೂರನೆಯ ಕಾರಣ ಸಣ್ಣ ಕ್ರಿಯಾಪದದ ಬಾಲಕ್ಕೆ ಅಪ್, ಔಟ್, ಆಫ್, ಡೌನ್ ಕಟ್ಟುವ ಅಭ್ಯಾಸ. ರನ್ ಔಟ್, ರನ್ ಡೌನ್, ರನ್ ಇಂಟು, ಒಂದೊಂದೂ ಬೇರೆ ಲೋಕ. ಪದಗಳನ್ನು ಬಿಡಿಬಿಡಿಯಾಗಿ ಬಲ್ಲವನಿಗೂ ಒಟ್ಟಾಗಿ ಕೂತಾಗ ಅರ್ಥವಾಗುವುದಿಲ್ಲ, ಕೆಲವೊಮ್ಮೆ ಇಂಗ್ಲಿಷರಿಗೇ ಎರಡು ಥರ ಅರ್ಥವಾಗುತ್ತದೆ. 1952ರ ನವೆಂಬರಿನಲ್ಲಿ ಲಂಡನ್ ಬಳಿಯ ಕ್ರಾಯ್ಡನ್ನಿನಲ್ಲಿ ಗೋದಾಮಿಗೆ ಕನ್ನ ಹಾಕಲು ಹೋದ ಇಬ್ಬರು ಹುಡುಗರನ್ನು ಪೊಲೀಸರು ಸುತ್ತುವರಿದರು. ಚಿಕ್ಕವನ ಕೈಯಲ್ಲಿ ಪಿಸ್ತೂಲು. ದೊಡ್ಡವನಾದ ಡೆರೆಕ್ ಬೆಂಟ್ಲಿ ಅವನಿಗೆ 'ಲೆಟ್ ಹಿಮ್ ಹ್ಯಾವ್ ಇಟ್' ಎಂದ ಎಂದು ಪೊಲೀಸರು ಸಾಕ್ಷಿ ನುಡಿದರು. 'ಪಿಸ್ತೂಲನ್ನು ಅವರ ಕೈಗೆ ಕೊಡು' ಎಂದೂ ಆಗುತ್ತದೆ, 'ಹೊಡಿ ಅವನಿಗೆ' ಎಂದೂ ಆಗುತ್ತದೆ. ಆ ಮಾತನ್ನು ಆಡಿಯೇ ಇಲ್ಲ ಎಂದು ಇಬ್ಬರೂ ಹೇಳಿದರು. ಗುಂಡು ಹಾರಿಸಿ ಪೊಲೀಸನನ್ನು ಕೊಂದವನಿಗೆ ಹದಿನಾರೇ ವರ್ಷವಾದ್ದರಿಂದ ಗಲ್ಲಾಗಲಿಲ್ಲ. ಹತ್ತೊಂಬತ್ತರ ಬೆಂಟ್ಲಿಯನ್ನು 1953ರ ಜನವರಿಯಲ್ಲಿ ಗಲ್ಲಿಗೇರಿಸಿದರು. ಆ ತೀರ್ಪು ಸರಿಯಲ್ಲವೆಂದು ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿದ್ದು 1998ರಲ್ಲಿ.

ಇಂಥ ಪ್ರಸಂಗಗಳು ಅಪರೂಪ ಎಂಬುದೇ ಸೋಜಿಗ. ದಿನಕ್ಕೆ ಸಾವಿರಾರು ಸಲ ಬಹ್ವರ್ಥದ ಪದಗಳನ್ನು ಕೇಳುತ್ತೇವೆ, ಒಂದು ಸಲವೂ ಮುಗ್ಗರಿಸುವುದಿಲ್ಲ. ಯಾಕೆ ಎಂಬ ಪ್ರಶ್ನೆಯನ್ನು ನಮ್ಮ ಕಡೆಯ ವ್ಯಾಕರಣಕಾರರು ಬಹಳ ಹಿಂದೆಯೇ ಎತ್ತಿದ್ದರು. ಎತ್ತಲೇಬೇಕಾಗಿತ್ತು, ಅಮರಕೋಶದ ನಾನಾರ್ಥವರ್ಗ 'ಹರಿ' ಎಂಬ ಒಂದೇ ಪದಕ್ಕೆ ಯಮ, ಗಾಳಿ, ಇಂದ್ರ, ಚಂದ್ರ, ಸೂರ್ಯ, ವಿಷ್ಣು, ಸಿಂಹ, ಕಿರಣ, ಕುದುರೆ, ಗಿಳಿ, ಹಾವು, ಕೋತಿ, ಕಪ್ಪೆ ಎಂದು ಪಟ್ಟಿ ಕೊಡುತ್ತದೆ. ಸುಮಾರು ಐದನೆಯ ಶತಮಾನದ ಭರ್ತೃಹರಿ ತನ್ನ ವಾಕ್ಯಪದೀಯದಲ್ಲಿ ಅರ್ಥವನ್ನು ಕಟ್ಟಿಹಾಕುವ ಅಂಶಗಳನ್ನು ಸಾಲಾಗಿ ಹೇಳಿದ್ದಾನೆ. ಸಂಯೋಗ, ವಿಪ್ರಯೋಗ, ಸಾಹಚರ್ಯ, ವಿರೋಧ, ಪ್ರಕರಣ, ಹೀಗೆ. ಶಂಖಚಕ್ರ ಹಿಡಿದ ಹರಿ ಎಂದರೆ ಕಪ್ಪೆಯಾಗಲಾರದು, ಅದು ಸಂಯೋಗ. ಊಟಕ್ಕೆ ಕೂತವನು 'ಸೈಂಧವ ತಾ' ಎಂದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಅದನ್ನೇ ಹೇಳಿದರೆ ಸಿಂಧೂ ದೇಶದ ಕುದುರೆ, ಅದು ಪ್ರಕರಣ. ಬ್ರಿಟನ್ನಿನ ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1957ರಲ್ಲಿ ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಎಂದು ಬರೆದ ಮಾತನ್ನು ಇವತ್ತು ಕಂಪ್ಯೂಟರ್ ವಿಜ್ಞಾನಿಗಳೆಲ್ಲ ಉದ್ಧರಿಸುತ್ತಾರೆ. ಫರ್ತ್ ಅದನ್ನು ಭರ್ತೃಹರಿಯಿಂದ ಎತ್ತಿಕೊಂಡ ಎಂದು ನಾನು ಹೇಳುತ್ತಿಲ್ಲ. ಕಷ್ಟ ಒಂದೇ ಆಗಿದ್ದರೆ ಉತ್ತರಗಳೂ ಹತ್ತಿರಹತ್ತಿರ ಬರುತ್ತವೆ.

ಸಹವಾಸ ನೋಡಿ ಅರ್ಥ ಆರಿಸುತ್ತೇವೆ, ಸರಿ. ಆದರೆ ತಲೆಯೊಳಗೆ ಅದು ನಡೆಯುವುದು ಯಾವ ಹೊತ್ತಿನಲ್ಲಿ? ಸರಿಯಾದ ಅರ್ಥ ಮಾತ್ರ ಎದ್ದು ಬರುತ್ತದೋ, ಎಲ್ಲವೂ ಎದ್ದು ಬಂದು ಉಳಿದವು ಮಲಗುತ್ತವೋ? 1979ರಲ್ಲಿ ಪ್ರಕಟವಾದ ಡೇವಿಡ್ ಸ್ವಿನ್ನಿಯ ಪ್ರಯೋಗ ಇದನ್ನು ಜಾಣತನದಿಂದ ಹಿಡಿಯಿತು. ಇಂಗ್ಲಿಷಿನ 'ಬಗ್' ಎಂದರೆ ಹುಳವೂ ಹೌದು, ಕದ್ದು ಕೇಳಲು ಬಚ್ಚಿಡುವ ಸಾಧನವೂ ಹೌದು. ಜನರ ಕಿವಿಗೆ ಒಂದು ವಾಕ್ಯ ಕೇಳಿಸಿದರು. ಕೋಣೆಯ ಮೂಲೆಯಲ್ಲಿ ಜೇಡ, ಜಿರಲೆ ಮತ್ತಿತರ 'ಬಗ್'ಗಳು ಸಿಕ್ಕವು ಎಂಬಂಥದ್ದು. ಇಲ್ಲಿ ಹುಳ ಎಂಬುದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಆ ಪದ ಕಿವಿಗೆ ಬಿದ್ದು ಮುಗಿದ ಕ್ಷಣದಲ್ಲೇ ಪರದೆಯ ಮೇಲೆ ಒಂದು ಪದ ಮಿಂಚುತ್ತದೆ, ಅದು ನಿಜವಾದ ಪದವೋ ಅಲ್ಲವೋ ಎಂದು ಗುಂಡಿ ಒತ್ತಿ ಹೇಳಬೇಕು. 'ಇರುವೆ' ಎಂಬ ಅರ್ಥದ ಪದಕ್ಕೆ ಜನ ಬೇಗ ಒತ್ತಿದರು, ನಿರೀಕ್ಷಿಸಿದ್ದೇ. 'ಗೂಢಚಾರ' ಎಂಬುದಕ್ಕೂ ಅಷ್ಟೇ ಬೇಗ ಒತ್ತಿದರು! 'ಹೊಲಿ' ಎಂಬಂಥ ಸಂಬಂಧವಿಲ್ಲದ ಪದಕ್ಕೆ ಮಾತ್ರ ತಡವಾಯಿತು. ಕಿವಿಗೆ ಇನ್ನು ಮೂರು ಅಕ್ಷರ ಬಿದ್ದ ಮೇಲೆ ಪರೀಕ್ಷಿಸಿದರೆ ಇರುವೆ ಮಾತ್ರ ಉಳಿದಿತ್ತು, ಗೂಢಚಾರ ಮಾಯ. ಅಂದರೆ ಜಿರಲೆಗಳ ನಡುವೆ ಕೂತಿದ್ದರೂ ಎರಡೂ ಅರ್ಥ ಒಂದು ಗಳಿಗೆ ತಲೆ ಎತ್ತುತ್ತವೆ, ನಮಗೆ ಗೊತ್ತಾಗುವ ಮೊದಲೇ ಒಂದನ್ನು ಒಳಗೆ ಕಳಿಸಿ ಬಾಗಿಲು ಹಾಕಿರುತ್ತೇವೆ.

ಯಂತ್ರಗಳಿಗೆ ಈ ಬಾಗಿಲು ಹಾಕುವ ವಿದ್ಯೆ ಬಹಳ ದಿನ ಬರಲಿಲ್ಲ. ಯಂತ್ರಾನುವಾದದ ಆರಂಭದ ದಿನಗಳಿಂದಲೂ ಅದರಲ್ಲಿ ದುಡಿದ ಯೆಹೋಶುವಾ ಬಾರ್-ಹಿಲೆಲ್ 1960ರಲ್ಲಿ ಇದು ಆಗದ ಕೆಲಸ ಎಂದು ಕೈಚೆಲ್ಲಿದ. ಅದಕ್ಕೆ ಅವನು ಕೊಟ್ಟ ಉದಾಹರಣೆಯಲ್ಲಿ ಚಿಕ್ಕ ಹುಡುಗನೊಬ್ಬ ಆಟಿಕೆಯ ಪೆಟ್ಟಿಗೆಗಾಗಿ ಹುಡುಕುತ್ತಾನೆ, ಕೊನೆಗೆ ಅದು 'ಪೆನ್' ಒಳಗೆ ಸಿಗುತ್ತದೆ. ಪೆನ್ ಎಂದರೆ ನಮಗೆ ಬರೆಯುವ ಪೆನ್ನು ಮಾತ್ರ ಗೊತ್ತು. ಕುರಿದೊಡ್ಡಿಗೂ, ಮಗು ಆಡಲೆಂದು ಸುತ್ತ ಕಟಕಟೆ ಕಟ್ಟಿದ ಜಾಗಕ್ಕೂ ಅದೇ ಹೆಸರು. ಪೆಟ್ಟಿಗೆ ಬರೆಯುವ ಪೆನ್ನಿನೊಳಗೆ ಹಿಡಿಸುವುದಿಲ್ಲ ಎಂದು ಯಂತ್ರಕ್ಕೆ ಹೇಳಿಕೊಡುವವರು ಯಾರು, ಲೋಕದ ವಸ್ತುಗಳ ಅಳತೆಯನ್ನೆಲ್ಲ ಅದಕ್ಕೆ ತುಂಬುವುದು ಹೇಗೆ ಎಂದು ಅವನ ಪ್ರಶ್ನೆ. 2013ರಲ್ಲಿ ಗೂಗಲ್‌ನವರು ಹೊರತಂದ, ಪದದ ಅರ್ಥವನ್ನು ಸಂಖ್ಯೆಗಳಲ್ಲಿ ಹಿಡಿಯುವ ವಿಧಾನದಲ್ಲೂ ಒಂದು ಪದಕ್ಕೆ ಒಂದೇ ಸಂಖ್ಯಾಸರಣಿ ಇತ್ತು, ದಡ ಮತ್ತು ಹಣದ ಬ್ಯಾಂಕುಗಳು ಅದರಲ್ಲಿ ಕಲಸಿಹೋಗುತ್ತಿದ್ದವು. 2018ರ ಬರ್ಟ್ ಮುಂತಾದ ಕಂಪ್ಯೂಟರ್ ಭಾಷಾ ಮಾದರಿಗಳು ಬಂದ ಮೇಲೆ ಪ್ರತಿ ವಾಕ್ಯದಲ್ಲೂ ಪದದ ಅಕ್ಕಪಕ್ಕ ನೋಡಿ ಅದಕ್ಕೆ ಹೊಸದಾಗಿ ಬೆಲೆ ಕಟ್ಟುವುದು ಶುರುವಾಯಿತು.

ಅಕ್ಕಪಕ್ಕದಲ್ಲಿ ಏನೂ ಇಲ್ಲದಿದ್ದರೆ, ಅಥವಾ ಅಕ್ಕಪಕ್ಕದವರೇ ಜಗಳಕ್ಕೆ ಬಿದ್ದರೆ, ಮನುಷ್ಯರ ಗತಿಯೂ ಅಷ್ಟೇ. ವಿನ್‌ಸ್ಟನ್ ಚರ್ಚಿಲ್ ತನ್ನ ಯುದ್ಧಕಾಲದ ನೆನಪುಗಳಲ್ಲಿ ಹೇಳುವ ಪ್ರಸಂಗವೊಂದಿದೆ. ಬ್ರಿಟಿಷ್ ಸೇನಾಧಿಕಾರಿಗಳು ಒಂದು ಕಾಗದವನ್ನು ತುರ್ತಾಗಿ 'ಟೇಬಲ್' ಮಾಡಬೇಕು ಎಂದರು. ಕೂಡದು, ವಿಷಯ ಬಹಳ ಮುಖ್ಯ ಎಂದರು ಅಮೆರಿಕದವರು. ಬ್ರಿಟನ್ನಿನಲ್ಲಿ ಅದರರ್ಥ ಚರ್ಚೆಗೆ ಮುಂದಿಡುವುದು, ಅಮೆರಿಕದಲ್ಲಿ ಬದಿಗೆ ಸರಿಸಿ ಮರೆಯುವುದು. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಎಂದು ತಿಳಿಯುವ ಹೊತ್ತಿಗೆ ದೊಡ್ಡ ವಾಗ್ವಾದವೇ ಆಗಿಹೋಗಿತ್ತು. ನಮ್ಮ ಸಂಸತ್ತು, ವಿಧಾನಸೌಧ ಎರಡೂ ಬ್ರಿಟಿಷ್ ಅರ್ಥವನ್ನೇ ಇಟ್ಟುಕೊಂಡಿವೆ, ಮಸೂದೆ ಟೇಬಲ್ ಆಯಿತು ಎಂದರೆ ಮಂಡನೆಯಾಯಿತು.

ದುಡ್ಡಿನ ವ್ಯವಹಾರದಲ್ಲಿ ಇದು ಕೋರ್ಟಿಗೆ ಹೋಗುತ್ತದೆ. 1957ರಲ್ಲಿ ಸ್ವಿಟ್ಜರ್‌ಲೆಂಡಿನ ಕಂಪನಿಯೊಂದು ನ್ಯೂಯಾರ್ಕಿನ ಕಂಪನಿಯಿಂದ ಶೈತ್ಯೀಕರಿಸಿದ 'ಚಿಕನ್' ತರಿಸಿಕೊಂಡಿತು. ಪೆಟ್ಟಿಗೆ ತೆರೆದು ನೋಡಿದರೆ ದೊಡ್ಡ ಕೋಳಿಗಳೆಲ್ಲ ಮುದಿ ಕೋಳಿಗಳು, ಗಂಟೆಗಟ್ಟಲೆ ಬೇಯಿಸಿ ಸಾರು ಮಾಡುವಂಥವು. ಚಿಕನ್ ಎಂದರೆ ಹುರಿಯಲು, ಸುಡಲು ಬರುವ ಎಳೆಯ ಕೋಳಿ ಎಂದು ಕೊಂಡವರ ವಾದ. ಕೋಳಿ ಕುಲದ್ದೆಲ್ಲ ಚಿಕನ್ನೇ ಎಂದು ಮಾರಿದವರ ವಾದ. 1960ರಲ್ಲಿ ನ್ಯಾಯಾಧೀಶ ಹೆನ್ರಿ ಫ್ರೆಂಡ್ಲಿ ತೀರ್ಪು ಬರೆದ. ಇಲ್ಲಿರುವ ಪ್ರಶ್ನೆ, ಚಿಕನ್ ಎಂದರೇನು ಎಂಬುದು ಎಂದೇ ಅದು ಶುರುವಾಗುತ್ತದೆ. ಅವನು ನಿಘಂಟು ನೋಡಿದ, ಎರಡೂ ಅರ್ಥ ಸಿಕ್ಕವು. ವ್ಯಾಪಾರದಲ್ಲಿರುವವರ ಸಾಕ್ಷ್ಯ ಕೇಳಿದ, ಅವರಲ್ಲೂ ಎರಡು ಬಣ. ಇಬ್ಬರ ನಡುವಿನ ತಂತಿ ಸಂದೇಶಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿದ್ದರೂ ನಡುವೆ ಚಿಕನ್ ಎಂಬ ಇಂಗ್ಲಿಷ್ ಪದವನ್ನೇ ಹಾಕಿದ್ದರು. ಸರ್ಕಾರದ ಕೃಷಿ ಇಲಾಖೆಯ ವರ್ಗೀಕರಣದಲ್ಲಿ ಮುದಿ ಕೋಳಿಯೂ ಚಿಕನ್ ಪಟ್ಟಿಯಲ್ಲಿತ್ತು. ನನಗೆ ಹಿಡಿಸಿದ್ದು ಅವನು ನೋಡಿದ ಇನ್ನೊಂದು ಸಾಕ್ಷಿ, ದರ. ದೊಡ್ಡ ಕೋಳಿಗೆ ಕರಾರಿನಲ್ಲಿದ್ದದ್ದು ಪೌಂಡಿಗೆ 33 ಸೆಂಟ್. ಆ ತೂಕದ ಎಳೆಯ ಕೋಳಿಗೆ ಆಗ ಮಾರುಕಟ್ಟೆಯಲ್ಲಿ 35ರಿಂದ 37 ಸೆಂಟ್ ಇತ್ತು. ನಷ್ಟ ಮಾಡಿಕೊಳ್ಳಲೆಂದು ಯಾರೂ ಮಾರುವುದಿಲ್ಲವಲ್ಲ. ಚಿಕನ್‌ಗೆ ಕಿರಿದಾದ ಅರ್ಥವೇ ಇತ್ತು ಎಂದು ಸಾಬೀತು ಮಾಡಬೇಕಾದವರು ಕೊಂಡವರು, ಅವರಿಂದ ಆಗಲಿಲ್ಲ ಎಂದು ಫ್ರೆಂಡ್ಲಿ ಮುಗಿಸಿದ. ನಾಟಿ ಕೋಳಿ ಕೇಳಿ ಫಾರಂ ಕೋಳಿ ಕಟ್ಟಿಸಿಕೊಂಡವರಿಗೆ ಈ ಜಗಳದ ಬಿಸಿ ತಟ್ಟದೆ ಇರದು.

ನಮ್ಮ ಸಂವಿಧಾನವೂ ಇಂಥ ಒಂದು ಪದದ ಮೇಲೆ ದಶಕಗಳ ಕಾಲ ತೂಗಾಡಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನು ರಾಷ್ಟ್ರಪತಿ ನೇಮಿಸುವಾಗ ಮುಖ್ಯ ನ್ಯಾಯಮೂರ್ತಿಗಳ ಜೊತೆ 'ಕನ್ಸಲ್ಟೇಷನ್' ಆಗಬೇಕು ಎನ್ನುತ್ತದೆ 124ನೆಯ ವಿಧಿ. ಒಂದು ಮಾತು ಕೇಳಿದರೆ ಸಾಕೋ, ಅವರು ಹೇಳಿದಂತೆ ನಡೆಯಬೇಕೋ? ಒಬ್ಬ ಮುಖ್ಯ ನ್ಯಾಯಮೂರ್ತಿಗೆ ವೀಟೋ ಕೊಡುವುದು ಅಪಾಯ ಎಂದು ಅಂಬೇಡ್ಕರ್ 1949ರ ಮೇ ತಿಂಗಳಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಹೇಳಿದ್ದರು. 1981ರಲ್ಲಿ ಸುಪ್ರೀಂ ಕೋರ್ಟ್, ಸಮಾಲೋಚನೆ ಎಂದರೆ ಸಮ್ಮತಿಯಲ್ಲ ಎಂದಿತು. 1993ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನು ತಿರುಗಿಸಿ ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯಕ್ಕೇ ಮೇಲುಗೈ ಎಂದಿತು. ನ್ಯಾಯಮೂರ್ತಿಗಳನ್ನು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂ ಹುಟ್ಟಿದ್ದು ಅಲ್ಲಿಂದ. ಆ ವಿಧಿಯ ಅಕ್ಷರ ಒಂದೂ ಬದಲಾಗಿರಲಿಲ್ಲ.

ಈ ಸಾಲಿನಲ್ಲಿ ಅತಿ ವಿಚಿತ್ರ ಎಂದು ನನಗನ್ನಿಸುವುದು ಅಮೆರಿಕದ 'ಯೂಸ್' ಪ್ರಕರಣ. ಮಾದಕ ವಸ್ತುವಿನ ಅಪರಾಧದಲ್ಲಿ ಬಂದೂಕು 'ಯೂಸ್' ಮಾಡಿದವನಿಗೆ ಹೆಚ್ಚುವರಿ ಶಿಕ್ಷೆ, ಅದು ಮಷಿನ್ ಗನ್ ಆಗಿದ್ದರೆ 30 ವರ್ಷ ಎಂದು ಅಲ್ಲಿನ ಕಾನೂನು ಹೇಳುತ್ತಿತ್ತು. ಫ್ಲಾರಿಡಾದಲ್ಲಿ ಒಬ್ಬ ತನ್ನ ಮಷಿನ್ ಗನ್ ಕೊಟ್ಟು ಬದಲಿಗೆ ಕೊಕೇನ್ ತೆಗೆದುಕೊಳ್ಳಲು ಹೋದ, ಎದುರಿಗಿದ್ದವನು ಮಫ್ತಿಯಲ್ಲಿದ್ದ ಪೊಲೀಸ್. ಬಂದೂಕನ್ನು ಅವನು ಯಾರತ್ತವೂ ಗುರಿಯಿಟ್ಟಿರಲಿಲ್ಲ, ದುಡ್ಡಿನ ಬದಲು ಮುಂದಿಟ್ಟಿದ್ದ. ಇದು ಬಂದೂಕಿನ ಬಳಕೆಯೇ? 1993ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆರು–ಮೂರು ಮತಗಳಿಂದ ಹೌದು ಎಂದಿತು. ನಿಘಂಟಿನಲ್ಲಿ ಆ ಪದಕ್ಕೆ 'ತನ್ನ ಕೆಲಸಕ್ಕೆ ಉಪಯೋಗಿಸಿಕೊಳ್ಳುವುದು' ಎಂಬರ್ಥವಿದೆ, ಇವನು ಅದನ್ನೇ ಮಾಡಿದ್ದಾನೆ ಎಂದು ನ್ಯಾಯಮೂರ್ತಿ ಸಾಂಡ್ರಾ ಡೇ ಓ'ಕಾನರ್ ಬರೆದರು. ಇನ್ನೊಬ್ಬ ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ ಒಪ್ಪಲಿಲ್ಲ. ನೀವು ಊರುಗೋಲು ಬಳಸುತ್ತೀರಾ ಎಂದು ಯಾರಾದರೂ ಕೇಳಿದರೆ, ಅಜ್ಜನ ಬೆಳ್ಳಿ ಹಿಡಿಯ ಕೋಲನ್ನು ಹಜಾರದಲ್ಲಿ ಅಲಂಕಾರಕ್ಕೆ ಇಟ್ಟಿದ್ದೀರಾ ಎಂದು ಕೇಳಿದಂತಲ್ಲ, ಊರಿಕೊಂಡು ನಡೆಯುತ್ತೀರಾ ಎಂದು ಕೇಳಿದಂತೆ, ಇದು ಅವರ ವಾದ. ನಿಘಂಟಿನ ಪಟ್ಟಿಯಲ್ಲಿ ಅರ್ಥವೊಂದು ಇರುವುದು ಬೇರೆ, ಜನ ಮಾತಾಡುವಾಗ ಅದು ಇರುವುದು ಬೇರೆ. ನನ್ನ ಮತ ಸ್ಕಾಲಿಯಾಗೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1995ರಲ್ಲಿ ಅದೇ ಕೋರ್ಟ್, ಬಂದೂಕು ಕಾರಿನ ಡಿಕ್ಕಿಯಲ್ಲೋ ಕಪಾಟಿನಲ್ಲೋ ಇದ್ದ ಮಾತ್ರಕ್ಕೆ ಬಳಕೆಯಾಗುವುದಿಲ್ಲ, ಅದರಿಂದ ಏನಾದರೂ ಮಾಡಿರಬೇಕು ಎಂದಿತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1998ರಲ್ಲಿ ಕಾನೂನನ್ನು ತಿದ್ದಿ, ಅಪರಾಧಕ್ಕೆ ಒತ್ತಾಸೆಯಾಗಿ ಬಂದೂಕು ಇಟ್ಟುಕೊಳ್ಳುವುದನ್ನೂ ಶಿಕ್ಷೆಯ ವ್ಯಾಪ್ತಿಗೆ ಸೇರಿಸಿತು. 2007ರಲ್ಲಿ ಮತ್ತೊಂದು ಮೊಕದ್ದಮೆ ಬಂತು, ಈ ಸಲ ತಿರುಗುಮುರುಗು. ಆರೋಪಿ ಮಾದಕ ವಸ್ತು ಕೊಟ್ಟು ಬಂದೂಕು ಪಡೆದಿದ್ದ. ಪಡೆದವನು ಬಂದೂಕನ್ನು ಬಳಸಿದಂತಾಗುವುದಿಲ್ಲ ಎಂದು ಕೋರ್ಟ್ ಹೇಳಿತು. 1993ರ ತೀರ್ಪನ್ನೂ ರದ್ದು ಮಾಡಲಿಲ್ಲ. ಆ ತೀರ್ಪನ್ನೇ ತಳ್ಳಿಹಾಕಬೇಕಿತ್ತು ಎಂದು ರೂತ್ ಬೇಡರ್ ಗಿನ್ಸ್‌ಬರ್ಗ್ ಪ್ರತ್ಯೇಕವಾಗಿ ಬರೆದರು. ಹೀಗಾಗಿ ಒಂದೇ ವಿನಿಮಯದಲ್ಲಿ ಬಂದೂಕು ಕೊಟ್ಟವನು ಅದನ್ನು 'ಯೂಸ್' ಮಾಡಿದ್ದಾನೆ, ತೆಗೆದುಕೊಂಡವನು ಮಾಡಿಲ್ಲ.